ಮಕ್ಕಂದೂರಿನ ಗುಡ್ಡ, ಮಂಗಳನ ಕಣಿವೆ

ಮೇಡಂ, ಮಡಿಕೇರಿಯ ಉಪನ್ಯಾಸಕರಿಗೆ ಗ್ರಹಗಳ ದತ್ತಾಂಶ ಬಳಸಿ ಭೂವಿಜ್ಞಾನ ಕಲಿಸುವ ತರಬೇತಿ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಭೂಕುಸಿತದಿಂದಲೇ ಮಾಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಿದ್ದನ್ನು ನಾವ್ಯಾರೂ ಮರೆತಿಲ್ಲ. ಮಂಗಳನ ವ್ಯಾಲೆಸ್ ಮರಿನೆರಿಸ್ ಕಣಿವೆ ಸುಮಾರು 4000 ಕಿ.ಮೀ. ಉದ್ದ, ಅದರ ಗೋಡೆಗಳೂ ಅಲ್ಲಲ್ಲಿ ಜರಿದಿವೆ. ಗ್ರಹಗಳ ನಕ್ಷೆ ತೋರಿಸುವ ಜೆಮಾರ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕುಸಿತದ ನೆತ್ತಿಯಿಂದ ಬುಡಕ್ಕೆ ಗೆರೆ ಎಳೆದರೆ ಎತ್ತರದ ಏರಿಳಿತ ಮೂಡುತ್ತದೆ. ಗೆರೆಯನ್ನು ಉಪನ್ಯಾಸಕರೇ ಎಳೆಯಲಿ, ಬಿದ್ದ ಎತ್ತರವನ್ನು ಹರಿದ ದೂರದಿಂದ ಭಾಗಿಸಲಿ; ಉತ್ತರ ಚಿಕ್ಕದಾದಷ್ಟೂ ಬಿದ್ದ ಎತ್ತರಕ್ಕೆ ಹೋಲಿಸಿದರೆ ಕುಸಿತ ಹೆಚ್ಚು ದೂರ ಹರಿದಿದೆ ಎಂದರ್ಥ. ದಯವಿಟ್ಟು ಬರೀ ಸ್ಲೈಡು ತೋರಿಸಿ ಮುಗಿಸಬೇಡಿ. ಮರುದಿನ ಮಕ್ಕಂದೂರಿಗೆ ಕರೆದೊಯ್ದು ಅಲ್ಲಿನ ಕೆಂಪು ಮಣ್ಣು ಹಿಸುಕಿಸಿ. ನೀರು ಕುಡಿದ ಮಣ್ಣು ಹಿಡಿತ ಬಿಡುವುದು ಬೆರಳಿಗೇ ತಿಳಿಯುತ್ತದೆ. ಚಂದ್ರನ ನೆಲವನ್ನೂ ತೋರಿಸುವುದಾದರೆ ಚಂದ್ರಯಾನ-2ರ ಚಿತ್ರಗಳು ಇಸ್ರೋದ ಪ್ರದಾನ್ ಜಾಲತಾಣದಲ್ಲಿವೆ, ನೋಂದಣಿ ಬೇಕು. ಮಳೆಗಾಲದಲ್ಲಿ ನಮ್ಮ ಕರೆಂಟು, ನೆಟ್ ನಂಬುವಂತಿಲ್ಲ. ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಹಂಚಿಬಿಡಿ.