ವಾರ್ನಿಷ್ ಹಚ್ಚಿದ ಹಳೆಯ ಹಲಸಿನ ಬೀರುವಿಗೆ ಮನೆಯಲ್ಲೇ ಬಿಳಿ ಬಣ್ಣ ಬಳಿಯಬಹುದೇ? ವಾರ್ನಿಷ್ ಪೂರ್ತಿ ತೆಗೆಯಲೇಬೇಕೇ?

ಖಂಡಿತ ಬಳಿಯಬಹುದು. ವಾರ್ನಿಷ್ ಮರಕ್ಕೆ ಬಿಗಿಯಾಗಿ ಕಚ್ಚಿಕೊಂಡಿದ್ದರೆ ಅದನ್ನು ಪೂರ್ತಿ ತೆಗೆಯಬೇಕಾಗಿಲ್ಲ. ಜಿಡ್ಡು ತೊಳೆದು, ಹೊಳಪು ಕಳೆದು, ತಕ್ಕ ಪ್ರೈಮರ್ (ಬಣ್ಣಕ್ಕೂ ಮೊದಲು ಬಳಿಯುವ ತಳಲೇಪ) ಹಚ್ಚಿದರೆ ಸಾಕು. ಬಿರುಕುಬಿಟ್ಟು ಹಕ್ಕಳೆಯೇಳುತ್ತಿದ್ದರೆ ಮಾತ್ರ ಅಂಥ ಕಡೆ ಕೆರೆದು ತೆಗೆಯಬೇಕು. ಇದನ್ನು ತಿಳಿಯಲು ಬ್ಲೇಡಿನಿಂದ ಮೂಲೆಯಲ್ಲೊಂದು ಸಣ್ಣ ಗೀರೆಳೆದು, ಅದರ ಮೇಲೆ ಅಂಟುಪಟ್ಟಿಯನ್ನು ಒತ್ತಿ, ಥಟ್ಟನೆ ಕಿತ್ತು ನೋಡಿ.

ಹಲಸಿನ ಮರವೆಂದು ನೀವು ತಿಳಿಸಿದ್ದು ಒಳ್ಳೆಯದಾಯಿತು, ಏಕೆಂದರೆ ನಾನು ಮೊದಲ ಸಲ ಎಡವಿದ್ದು ಹಲಸಿನ ಮೇಜೊಂದರಲ್ಲೇ. ಅದನ್ನು ಅಲ್ಲಲ್ಲಿ ಮರ ಕಾಣುವಷ್ಟು ಉಜ್ಜಿ, ಉಳಿದ ಕಡೆ ಹೊಳಪನ್ನು ಹಾಗೆಯೇ ಬಿಟ್ಟು, ಪ್ರೈಮರ್ ಇಲ್ಲದೆ ನೀರು ಬೆರೆಸುವ ಬಿಳಿ ಬಣ್ಣವನ್ನು ಬಳಿದಿದ್ದೆ. ಮರ ತೆರೆದಿದ್ದ ಕಡೆಯಲ್ಲೆಲ್ಲ ಎರಡೇ ದಿನದಲ್ಲಿ ಹಳದಿ ಕಲೆಗಳು ಮೂಡಿದವು. ಹೊಳಪು ಉಳಿದಿದ್ದ ಕಡೆಯಲ್ಲಿ ಬಣ್ಣವು ಉಗುರು ತಾಗಿದರೂ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಇನ್ನೆರಡು ಕೋಟು ಬಳಿದರೂ ಕಲೆ ಮರೆಯಾಗಲಿಲ್ಲ. ಹಲಸಿನ ಮರದ ತಿರುಳಿನಲ್ಲಿ ನೀರಿಗೆ ಬಿಡುವ ಹಳದಿ ಬಣ್ಣವಿದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಬಳಸುತ್ತಿದ್ದುದು ಇದನ್ನೇ. ನೀರಿನಂಶವಿರುವ ಬಣ್ಣವು ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೊನ್ನೆ ಮರದ ಸ್ವಭಾವವೂ ಹೀಗೆಯೇ. ಆದ್ದರಿಂದ ನಿಮ್ಮ ಬೀರುವಿನ ಹಳೆಯ ವಾರ್ನಿಷ್ ವಾಸ್ತವವಾಗಿ ನಿಮಗೆ ರಕ್ಷಣೆಯೇ. ಅದನ್ನು ಮರದವರೆಗೆ ಸವೆಸಬೇಡಿ.

ಮೊದಲು ಹಿಡಿಕೆ, ಬಿಜಾಗರಿಗಳನ್ನು ಬಿಚ್ಚಿಡಿ. ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಶುದ್ಧ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಲು ಬಿಡಿ. ಮೇಣದ ಪಾಲಿಷ್ ಹಚ್ಚಿದ್ದರೆ ಉಜ್ಜುವ ಮೊದಲೇ ಟರ್ಪೆಂಟೈನಿನಿಂದ ತೆಗೆಯಬೇಕು, ಇಲ್ಲವಾದರೆ ಉಜ್ಜಿದಷ್ಟೂ ಮೇಣವು ಎಲ್ಲೆಡೆ ಹರಡಿಕೊಳ್ಳುತ್ತದೆ. ಬಳಿಕ 180ನೆಯ ನಂಬರಿನ ಸ್ಯಾಂಡ್ ಪೇಪರನ್ನು ಚಿಕ್ಕ ಮರದ ತುಂಡಿಗೆ ಸುತ್ತಿ, ಮರದ ಎಳೆಯ ಗುಂಟ ಉಜ್ಜಿ, 220ರಲ್ಲಿ ಮುಗಿಸಿ. ಬೆಳಕಿಗೆ ಓರೆಯಾಗಿ ನೋಡಿದಾಗ ಎಲ್ಲಿಯೂ ಮಿನುಗು ಕಾಣದೆ ಮೇಲ್ಮೈ ಮಂಕಾಗಿದ್ದರೆ ಸಾಕು. ಕೆತ್ತನೆಯ ಸಂದುಗಳಲ್ಲಿ ಮಾತ್ರ ಬೆರಳಿನಿಂದಲೇ ಉಜ್ಜಬೇಕಾಗುತ್ತದೆ, ಮತ್ತು ಬಣ್ಣ ಮೊದಲು ಏಳುವುದು ಅಲ್ಲಿಯೇ. ಈ ಹಂತಕ್ಕೆ ಒಂದಿಡೀ ದಿನ ಮೀಸಲಿಡಿ ಎಂದು ನಾನು ಒತ್ತಿ ಹೇಳುತ್ತೇನೆ. ಬೀರುವಿನ ಒಳಭಾಗಕ್ಕೆ ಎಂದೋ ಬಣ್ಣ ಬಳಿದಿದ್ದರೆ ಅಲ್ಲಿ ಒಣ ಉಜ್ಜುವಿಕೆ ಬೇಡ: ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ, ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿಗೆ ಅಪಾಯಕಾರಿಯಾಗಬಹುದು.

ಉಜ್ಜುವಾಗ ಎಲ್ಲಾದರೂ ಮರ ತೆರೆದುಕೊಂಡರೆ, ಪಾಲಿಷ್ ಕೆಲಸದವರು ಸ್ಪಿರಿಟ್ಟಿನಲ್ಲಿ ಕರಗಿಸುವ ಅರಗನ್ನು ಅಲ್ಲಿಗೆ ತೆಳುವಾಗಿ ಎರಡು ಬಾರಿ ಹಚ್ಚಿ; ಹಳದಿಯನ್ನು ತಡೆಯಲು ಅರಗಿನಷ್ಟು ನಂಬಬಹುದಾದದ್ದು ಬೇರೊಂದನ್ನು ನಾನು ಕಂಡಿಲ್ಲ. ಆಮೇಲೆ ಬಣ್ಣ ಬಳಿಯುವ ಕಡೆಗೆಲ್ಲ ಎಣ್ಣೆ ಆಧಾರಿತ ವುಡ್ ಪ್ರೈಮರನ್ನು ಒಂದು ಕೋಟು ಬಳಿದು, ರಾತ್ರಿಯಿಡೀ ಒಣಗಿಸಿ, 320ರ ಪೇಪರಿನಿಂದ ಹಗುರವಾಗಿ ಸವರಿ, ಧೂಳೊರೆಸಿ.

ಮೇಲಿನ ಬಣ್ಣಕ್ಕೆ ನೀರು ಬೆರೆಸುವ ಎನಾಮಲ್ಲನ್ನೇ ಆರಿಸಿಕೊಳ್ಳಿ. ಎಣ್ಣೆಯ ಬಿಳಿ ಎನಾಮಲ್ ಗಟ್ಟಿಯಾದರೂ ಬೆಳಕು ತಾಗದ ಕಡೆ ಕ್ರಮೇಣ ಹಳದಿಗೆ ತಿರುಗುತ್ತದೆ, ಬೀರುವಿನ ಒಳಭಾಗವೋ ಸದಾ ಕತ್ತಲು. ದಪ್ಪನೆಯ ಒಂದು ಕೋಟಿನ ಬದಲು ತೆಳುವಾಗಿ ಎರಡು ಅಥವಾ ಮೂರು ಕೋಟು ಬಳಿಯಿರಿ. ಖಾನೆಗಳ ಪಕ್ಕಗಳಿಗೂ ಅವು ಜಾರುವ ಪಟ್ಟಿಗೂ ಬಣ್ಣ ಬೇಡ. ಮಳೆಗಾಲದಲ್ಲಿ ಮರ ಹಿಗ್ಗಿದಾಗ ಬಣ್ಣದ ದಪ್ಪವೂ ಸೇರಿ ಖಾನೆ ಸಿಕ್ಕಿಹಾಕಿಕೊಳ್ಳುತ್ತದೆ. ಮಲೆನಾಡು ಅಥವಾ ಕರಾವಳಿಯವರಾದರೆ ಈ ಕೆಲಸವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಿ.

ಬಣ್ಣ ಮುಟ್ಟಲು ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಇನ್ನೂ ಹಲವು ದಿನ ಬೇಕು. ಕನಿಷ್ಠ ಹತ್ತು ದಿನ ಬಾಗಿಲುಗಳನ್ನು ತೆರೆದಿಟ್ಟು, ಆಮೇಲೆ ಬಟ್ಟೆಗಳನ್ನು ಜೋಡಿಸಿ. ಅಲ್ಲಿಯವರೆಗೆ ಅರೆಗಳ ಮೇಲೆ ಪತ್ರಿಕೆಯ ಹಾಳೆಯನ್ನೂ ಹಾಸಬೇಡಿ, ಅದರ ಅಕ್ಷರಗಳು ಬಿಳಿ ಬಣ್ಣಕ್ಕೆ ಅಂಟಿಕೊಳ್ಳುತ್ತವೆ.