ಹೊಸ ಹಿಯರಿಂಗ್ ಏಡ್: ಮಳೆ ಜೋರು, ಮಾತು ಮಾತ್ರ ತಿಳಿಯುತ್ತಿಲ್ಲ!

ಪ್ರಶ್ನೆ: ನನಗೆ 71 ವರ್ಷ. ಶಿರಸಿ ಹತ್ತಿರ ತೋಟದ ಮನೆ. ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿಸಿಕೊಂಡು ಹತ್ತು ದಿನ ಆಯಿತು. ಹಂಚಿನ ಮೇಲಿನ ಮಳೆ, ಪಾತ್ರೆ ಸದ್ದು ಕೇಳಿ ತಲೆ ಚಿಟ್ಟು ಹಿಡಿಯುತ್ತದೆ. ನನ್ನ ದನಿ ನನಗೇ ಹಂಡೆಯೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಎಲೆ ಅಡಿಕೆ ಕವಳ ಹಾಕಿದರೆ ಯಂತ್ರ ಕುಂಯ್ ಎನ್ನುತ್ತದೆ. ಮೊಮ್ಮಗಳ ಮಾತು ಇನ್ನೂ ಸರಿಯಾಗಿ ತಿಳಿಯುವುದಿಲ್ಲ. ಬೇಜಾರಾಗಿ ಎರಡನ್ನೂ ಕಪಾಟಿನಲ್ಲಿ ಇಟ್ಟಿದ್ದೇನೆ. ವಾಪಸ್ ಕೊಟ್ಟುಬಿಡಲೇ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಕಪಾಟಿನಿಂದ ಹೊರಗೆ ತೆಗೆಯಿರಿ.

ಆ ಮಳೆ ಹೊಸದೇನಲ್ಲ, ಅಲ್ವಾ? ನಿಮ್ಮ ಹಂಚಿನ ಮೇಲೆ ಮೊದಲೂ ಹೀಗೇ ಸುರಿಯುತ್ತಿತ್ತು, ನಿಮಗೆ ಕೇಳುತ್ತಿರಲಿಲ್ಲ ಅಷ್ಟೆ. ವಯಸ್ಸಾದಂತೆ ಕಿವಿ ಮಂದವಾಗುವುದು ನಿಧಾನಕ್ಕೆ, ವರ್ಷಗಟ್ಟಲೆ. ಅಷ್ಟರಲ್ಲಿ ಮಿದುಳಿಗೆ ಯಾವ ಸದ್ದು ಹಿಡಿಯಬೇಕು, ಯಾವುದು ಬಿಡಬೇಕು ಎನ್ನುವ ರೂಢಿ ತಪ್ಪಿರುತ್ತದೆ. ಈಗ ಫ್ಯಾನು, ಪಾತ್ರೆ, ಪೇಪರ್ ಮಡಚುವ ಸರಸರ ಎಲ್ಲ ಒಟ್ಟಿಗೆ ಒಳಗೆ ನುಗ್ಗಿದರೆ ಅದಾದರೂ ಏನು ಮಾಡೀತು? ಮತ್ತೆ ರೂಢಿಯಾಗಲು ಕೆಲವು ವಾರ ಬೇಕು. ಕೆಲವರಿಗೆ ಎರಡು ಮೂರು ತಿಂಗಳೂ ಹಿಡಿಯುತ್ತದೆ. ಕಪಾಟಿನಲ್ಲಿದ್ದ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ದಿನಕ್ಕೆ ಎರಡು ಮೂರು ತಾಸಿನಿಂದ ಶುರು ಮಾಡಿ. ಟಿ.ವಿ. ಬಂದ್ ಮಾಡಿ, ಒಬ್ಬರ ಜೊತೆ ಮಾತಾಡಿ. ಪೇಪರನ್ನು ದೊಡ್ಡದಾಗಿ ಓದಿ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗಿ. ಕೊನೆಗೆ ಸ್ನಾನ ಮತ್ತು ನಿದ್ದೆ ಬಿಟ್ಟು ಉಳಿದ ಹೊತ್ತೆಲ್ಲ ಕಿವಿಯಲ್ಲೇ ಇರಬೇಕು. ಎರಡೂ ಕಿವಿಗೆ ಹಾಕಿಕೊಳ್ಳಿ. ಒಂದೇ ಹಾಕಿದರೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದು ಕಷ್ಟ.

ಇನ್ನು ಹಂಡೆಯ ವಿಷಯ. ಎರಡೂ ಕಿವಿಗೆ ಬೆರಳಿಟ್ಟು ‘ಈ’ ಎನ್ನಿ. ಅದೇ ಹಂಡೆ! ಮಾತಾಡುವಾಗ ದನಿಯ ಕಂಪನ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ. ಕಿವಿ ಮುಚ್ಚಿದ್ದರೆ ಅದು ಹೊರಗೆ ಹೋಗದೆ ಒಳಗೇ ಮೊಳಗುತ್ತದೆ. ಸ್ವಲ್ಪ ಮಟ್ಟಿಗೆ ಅಭ್ಯಾಸವಾಗುತ್ತದೆ. ಆಗದಿದ್ದರೆ, ನಿಮ್ಮ ಕಿವಿಯ ದೋಷಕ್ಕೆ ಹೊಂದುವುದಾದರೆ, ಯಂತ್ರದ ಕಿವಿಯೊಳಗಿನ ತುದಿಯಲ್ಲಿ ಗಾಳಿ ಆಡುವ ರಂಧ್ರ ದೊಡ್ಡದು ಮಾಡಿಕೊಡುತ್ತಾರೆ.

ಕವಳದ ಕುಂಯ್‌ಗೂ ಕಾರಣ ಇದೆ. ಜಗಿಯುವಾಗ ದವಡೆ ಆಡುತ್ತದೆ, ಕಿವಿಯ ನಾಳದ ಆಕಾರ ಬದಲಾಗಿ ಸಣ್ಣ ಸಂದಿ ಬೀಳುತ್ತದೆ. ಅಲ್ಲಿಂದ ಸೋರಿದ ಸದ್ದು ಯಂತ್ರದ ಮೈಕಿಗೇ ವಾಪಸ್ ಹೋಗುತ್ತದೆ. ಸ್ಪೀಕರಿನ ಎದುರು ಮೈಕ್ ಹಿಡಿದರೆ ಕಿರುಚುವುದಿಲ್ಲವೇ, ಹಾಗೆ. ಜಗಿಯುವಾಗ ಮಾತ್ರ ಆದರೆ ಕಿವಿಯೊಳಗಿನ ತುದಿಯ ಅಳತೆ ಬದಲಿಸಿ ನೋಡಬಹುದು. ಕವಳ ಬಿಡಲು ಕಿವಿ ಕಾರಣ ಆಗಬೇಕಿಲ್ಲ, ಬಾಯಿಯ ಕಾರಣಕ್ಕೆ ಬಿಟ್ಟರೆ ಒಳ್ಳೆಯದು. ಸುಮ್ನೆ ಕೂತಾಗಲೂ ಯಂತ್ರ ಕೂಗಿದರೆ ಕಿವಿಯಲ್ಲಿ ಗುಗ್ಗೆ ತುಂಬಿರಬಹುದು. ಕಡ್ಡಿ ಹಾಕಬೇಡಿ, ವೈದ್ಯರಿಗೆ ತೋರಿಸಿ.

ಮೊಮ್ಮಗಳು ‘ತಟ್ಟೆ’ ಎಂದರೆ ನಿಮಗೆ ‘ಕಟ್ಟೆ’ ಎಂದು ಕೇಳಬಹುದು. ಸ್ವರಗಳಿಗೆ ಬಲ ಜಾಸ್ತಿ. ಸ, ಶ, ತ, ಕ ಇವೆಲ್ಲ ಸಣ್ಣ, ತೆಳು ಸದ್ದು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಇವನ್ನೇ. ಮೇಲಾಗಿ ಮಕ್ಕಳ ದನಿಯೂ ಸಣ್ಣ, ಮಾತೂ ಓಟ. ಕೂಗಿ ಹೇಳುವುದು ಬೇಡ, ಎದುರಿಗೆ ಕೂತು ನಿಧಾನಕ್ಕೆ ಹೇಳು ಎನ್ನಿ.

ಆದರೆ ಪಾತ್ರೆ ಸದ್ದಿಗೆ ಕಿವಿ ನೋಯುತ್ತಿದ್ದರೆ ಸಹಿಸಿಕೊಳ್ಳಬೇಡಿ. ಅದು ರೂಢಿಯ ಮಾತಲ್ಲ, ಯಂತ್ರದ ಹೊಂದಾಣಿಕೆಯ ಮಾತು. ಹಾಕಿಕೊಟ್ಟವರಲ್ಲಿಗೆ ಹೋಗಿ ‘ಸರಿ ಇಲ್ಲ’ ಎಂದಷ್ಟೇ ಹೇಳಿದರೆ ಅವರಿಗೂ ತೋಚುವುದಿಲ್ಲ. ‘ಸ್ಟೀಲ್ ಲೋಟ ಇಟ್ಟಾಗ ಬಲಗಿವಿ ಚುರ್ ಎನ್ನುತ್ತದೆ’ ಎಂದು ಬರೆದುಕೊಂಡು ಹೋಗಿ. ಎಷ್ಟು ತಾಸು ಹಾಕಿದ್ದೀರಿ ಎಂದು ಈಗಿನ ಬಹಳಷ್ಟು ಯಂತ್ರಗಳು ತಾವೇ ದಾಖಲಿಸುತ್ತವೆ. ಕಪಾಟಿನ ಗುಟ್ಟು ಅಲ್ಲಿ ಬಯಲಾಗುತ್ತದೆ!

ಶಿರಸಿಯ ಮಳೆಗಾಲ ಯಂತ್ರಕ್ಕೂ ಥಂಡಿ ಹಿಡಿಸುತ್ತದೆ. ರಾತ್ರಿ ಒಣ ಬಟ್ಟೆಯಲ್ಲಿ ಒರೆಸಿ. ಸೆಲ್ ಹಾಕುವ ಯಂತ್ರವಾದರೆ ಸೆಲ್ಲನ್ನು ಹೊರಗೆ ತೆಗೆದು, ಯಂತ್ರವನ್ನು ಮಾತ್ರ ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡಿ. ಅಡಿಕೆ ಒಣಗಿಸುವ ಅಟ್ಟದಲ್ಲಿ ಮಾತ್ರ ಇಡಬೇಡಿ, ಬಿಸಿಗೆ ಹಾಳಾಗುತ್ತದೆ. ಹೊಸ ಸೆಲ್ಲಿನ ಸ್ಟಿಕರ್ ಕಿತ್ತ ಮೇಲೆ ಗಾಳಿ ತಾಗಲು ಒಂದೆರಡು ನಿಮಿಷ ಬಿಟ್ಟು ಹಾಕಿ.

ಊರಲ್ಲಿ ತಾಳಮದ್ದಳೆ ಇದ್ದರೆ ಹೋಗುವುದಕ್ಕೆ ಅಡ್ಡಿಯಿಲ್ಲ. ಕೆಲವು ವಾರ ಮನೆಯಲ್ಲಿ ರೂಢಿಯಾದ ಮೇಲೆ ಹೋಗಿ. ಅರ್ಥಧಾರಿಗಳ ಮುಖ ಕಾಣುವ ಹಾಗೆ ಮುಂದೆ ಕೂತುಕೊಳ್ಳಿ. ಚಂಡೆಯ ಪಕ್ಕ ಬೇಡ.