ಮೈದುನನಿಗೆ ಇವತ್ತೇ ಹೇಳಿ

ಗಂಗಾವತಿಯಿಂದ ಬಂದ ಈ ಪತ್ರ ಓದಿದ ಮೇಲೆ ಬೇರೆ ಪತ್ರ ತೆರೆಯಲು ಮನಸ್ಸಾಗಲಿಲ್ಲ. ಬರೆದ ಹೆಣ್ಣುಮಗಳ ಗಂಡನಿಗೆ 52 ವರ್ಷ, ಅಕ್ಕಿ ಗಿರಣಿಯಲ್ಲಿ ಕೆಲಸ. ಶುಗರ್ ಇದೆ, ಬಿಪಿಯೂ ಇದೆ. ಮೂರು ತಿಂಗಳ ಅಂತರದಲ್ಲಿ ಎರಡು ಸಲ ಟೆಸ್ಟ್ ಮಾಡಿಸಿದ್ದಾರೆ. ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) 1.5, ಇಜಿಎಫ್ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 56, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆ. ಕಿಡ್ನಿ ಕಾಯಿಲೆ ಶುರುವಾಗಿದೆ ಎಂದಿದ್ದಾರೆ ಡಾಕ್ಟರು. ಅತ್ತ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ನಿಶ್ಚಯ ಆಗುವ ತನಕ ಯಾರ ಮುಂದೂ ಬಾಯಿ ಬಿಡಬೇಡ ಎಂದು ಗಂಡ ಆಣೆ ಹಾಕಿಸಿಕೊಂಡಿದ್ದಾರೆ. ‘ಆಣೆ ಮುರಿಯಲೋ, ಸುಮ್ನೆ ಇರಲೋ?’ ಎಂದು ಇವರ ಪ್ರಶ್ನೆ.

ತಾಯಿ, ನಿಮ್ಮ ಪತ್ರದ ಕೊನೆಯಲ್ಲಿ ಮೈದುನನನ್ನು ಹೊಗಳಿದ್ದೀರಿ. ‘ಮೆಡಿಕಲ್ ಶಾಪಿನಲ್ಲಿದ್ದಾನೆ, ಬಂಗಾರದಂಥ ಹುಡುಗ. ಇವರ ಮಂಡಿ ನೋವಿಗೆ ಮಾತ್ರೆ ತಾನೇ ತಂದುಕೊಡುತ್ತಾನೆ, ದುಡ್ಡೂ ತಗೊಳ್ಳಲ್ಲ.’ ಮಾತ್ರೆಯ ಹೆಸರನ್ನೂ ಬರೆದಿದ್ದೀರಿ, ಡೈಕ್ಲೋಫೆನಾಕ್. ದಿನಾ ರಾತ್ರಿ ಒಂದು!

ಮದುವೆ ವಿಷಯ ಆಮೇಲೆ ನೋಡೋಣ. ಮೊದಲು ಈ ಮಾತ್ರೆ ನಿಲ್ಲಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಎಲ್ಲ ಒಂದೇ ಗುಂಪಿನವು. ಇವು ಕಿಡ್ನಿಗೆ ರಕ್ತ ತರುವ ನಾಳವನ್ನು ಬಿಗಿ ಮಾಡುತ್ತವೆ. ಬೇಸಿಗೆಯಲ್ಲಿ ಗಿರಣಿಯೊಳಗೆ ದಿನವಿಡೀ ಬೆವರಿ, ಮೈಯಲ್ಲಿ ನೀರಿನಂಶ ಇಳಿದವರಿಗೆ ಇನ್ನೂ ಅಪಾಯ. ನೋವಿಗೆ ಪ್ಯಾರಾಸಿಟಮಾಲ್ ಎಷ್ಟು ತಗೋಬಹುದು ಎಂದು ಡಾಕ್ಟರನ್ನೇ ಕೇಳಿ.

ನನಗೆ ನಿಮ್ಮ ಯಜಮಾನರ ಮೇಲೂ ಸಿಟ್ಟಿದೆ, ಆದರೆ ಮೈದುನನ ಮೇಲೆ ಜಾಸ್ತಿ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಅದು. ಶುಗರ್ ಇರುವ ಅಣ್ಣನಿಗೆ ದಿನಾ ಅದನ್ನು ಕೊಡುವಾಗ, ಕಿಡ್ನಿ ಟೆಸ್ಟ್ ಮಾಡಿಸಿದ್ದೀಯಾ ಎಂದು ಒಂದು ಮಾತು ಕೇಳಬಾರದಿತ್ತಾ? ಪ್ರೀತಿಯಿಂದ ಕೊಟ್ಟರೂ ಮಾತ್ರೆ ಮಾಡುವ ಕೆಲಸ ಅದೇ ಅಲ್ವಾ? ಆದರೆ ಅಣ್ಣನಿಗೆ ಕಿಡ್ನಿ ತೊಂದರೆ ಎಂದು ಅವನಿಗೆ ಗೊತ್ತೇ ಇಲ್ಲ. ನೀವು ಕಾಯುತ್ತಿರುವ ಗುಟ್ಟಿನಿಂದಲೇ ಆ ಮಾತ್ರೆ ದಿನಾ ಮನೆಗೆ ಬರುತ್ತಿದೆ.

ಇನ್ನೊಂದು ಮಾತು ಓದಿ ಸಂಕಟವಾಯಿತು. ‘ಇಂಗ್ಲಿಷ್ ಮಾತ್ರೆ ಕಿಡ್ನಿ ತಿನ್ನುತ್ತೆ’ ಎಂದು ಯಜಮಾನರು ಟೆಲ್ಮಿಸಾರ್ಟಾನ್ ಬಿಟ್ಟುಬಿಟ್ಟಿದ್ದಾರೆ. ಅದು ಬಿಪಿ ಇಳಿಸುವುದರ ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಸೋರುವುದನ್ನೂ ತಗ್ಗಿಸುತ್ತದೆ. ಕಾಯುವ ಮಾತ್ರೆ ಬಿಟ್ಟು ಕೆಡಿಸುವ ಮಾತ್ರೆ ನುಂಗುತ್ತಿದ್ದಾರೆ! ಟೆಲ್ಮಿಸಾರ್ಟಾನ್ ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಆ ಏರಿಕೆ ಶೇ 30ರ ಒಳಗಿದ್ದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ. ಒಂದೆರಡು ವಾರದಲ್ಲಿ ರಕ್ತಪರೀಕ್ಷೆ ಮಾಡಿಸಿದರೆ ಸಾಕು. ಡಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಯೂ ಕಿಡ್ನಿಗೆ ಒಳ್ಳೆಯದು, ಅವರಿಗೆ ಹೊಂದುತ್ತದಾ ಎಂದು ಕೇಳಿ. ವಾಂತಿಭೇದಿ ಶುರುವಾದರೆ ಮಾತ್ರ ಇವೆರಡನ್ನೂ ಕೆಲ ದಿನ ನಿಲ್ಲಿಸಬೇಕಾಗಬಹುದು, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಬಿಪಿ 130/80ಕ್ಕಿಂತ ಕೆಳಗಿರಲಿ.

ಉಪ್ಪಿನ ವಿಷಯ ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಬಿಡುವವಳಲ್ಲ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಜೋಳದ ರೊಟ್ಟಿಗೆ ಉಪ್ಪು ಬೇಕಾಗಿಲ್ಲ. ಆದರೆ ಪಕ್ಕದಲ್ಲಿರುವ ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ, ಸಂಜೆಯ ಮಿರ್ಚಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ‘ಲೋ ಸೋಡಿಯಂ’ ಉಪ್ಪು ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಸೋತವರ ರಕ್ತದಲ್ಲಿ ಅದು ಏರಿ ಅಪಾಯವಾಗಬಹುದು.

ಇಜಿಎಫ್ಆರ್ 56 ಅಂದರೆ ಡಯಾಲಿಸಿಸ್ ಅಲ್ಲ, ಅದಕ್ಕೆ ತುಂಬಾ ದೂರ. ಈ ಹಂತದಲ್ಲಿ ಕಾಯಿಲೆಯನ್ನು ನಿಧಾನ ಮಾಡಲು ಆಗುತ್ತದೆ. ಬೀಗರ ಮನೆಗೆ ಯಾವಾಗ ಹೇಳಬೇಕು ಎಂಬುದನ್ನು ಮಗಳನ್ನೂ ಕೂರಿಸಿಕೊಂಡು ಮೂವರೂ ಮಾತಾಡಿ. ಇದು ಅಂಟುವ ರೋಗವಲ್ಲ, ನಾಚಿಕೆಯದ್ದಂತೂ ಅಲ್ಲವೇ ಅಲ್ಲ.

ಆಣೆ ಮುರಿಯಿರಿ, ಇವತ್ತಿಗೆ ಒಬ್ಬರ ಮುಂದೆ ಮಾತ್ರ. ಇವತ್ತು ಸಂಜೆ ಮೈದುನ ಬಂದಾಗ ಯಜಮಾನರ ಎದುರಿನಲ್ಲೇ ರಿಪೋರ್ಟ್ ಅವನ ಕೈಗೆ ಕೊಡಿ. ಮನೆಯಲ್ಲಿ ಉಳಿದ ನೋವಿನ ಮಾತ್ರೆಗಳನ್ನೆಲ್ಲ ಅವನೇ ವಾಪಸ್ ಒಯ್ಯಲಿ, ಟೆಲ್ಮಿಸಾರ್ಟಾನ್ ಬಿಟ್ಟ ವಿಷಯ ಹೇಳಲು ನಾಳೆ ಬೆಳಿಗ್ಗೆ ಅಣ್ಣನನ್ನು ಡಾಕ್ಟರ ಹತ್ತಿರ ಅವನೇ ಕರೆದೊಯ್ಯಲಿ.